ಹೆಬ್ಬೆರಳಿನೊಳಗೆ ಉಳಿದ ಮುಳ್ಳು: ಓಟದ ಹುಡುಗನೊಬ್ಬನ ಉಗುರಿನ ಪ್ರಕರಣ

ಹುಡುಗನಿಗೆ 18 ವರ್ಷ, ಬೈಲಹೊಂಗಲ ತಾಲ್ಲೂಕಿನ ಒಕ್ಕಲುತನದ ಮನೆಯವನು. ಸೈನ್ಯದ ಭರ್ತಿಗೆ ತಯಾರಿ ನಡೆಸಿದ್ದ. ದಿನಾ ಬೆಳಗಿನ ಜಾವ ಡಾಂಬರು ರಸ್ತೆಯ ಮೇಲೆ 5–6 ಕಿಲೋಮೀಟರ್ ಓಟ, ವಾರಕ್ಕೆರಡು ಸಲ ಗಡಿಯಾರ ನೋಡಿಕೊಂಡು 1600 ಮೀಟರ್. ಬೆಳಗಾವಿಯ ಭರ್ತಿಗೆ ಇನ್ನು ಐದು ವಾರ ಇದೆ ಎನ್ನುವಾಗ ಆಸ್ಪತ್ರೆಗೆ ಬಂದ. ಬಲಗಾಲಿನ ಬೂಟಿನ ಮೂತಿಯನ್ನೇ ಬ್ಲೇಡಿನಿಂದ ಕೊರೆದು ಹೆಬ್ಬೆರಳು ಹೊರಗೆ ಬರುವಂತೆ ಮಾಡಿಕೊಂಡಿದ್ದ.

ಈ ಭಾಗದ ಹೊರರೋಗಿ ವಿಭಾಗಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬ ರೋಗಿಯ ಸುತ್ತ ಕೂಡಿಸಿ ಬರೆದ ಪ್ರಕರಣ ಇದು. ಉಗುರು ಮಾಂಸದೊಳಗೆ ಬೆಳೆಯುವುದು ಸಣ್ಣ ಕಾಯಿಲೆ, ಜೀವಕ್ಕೆ ಅಪಾಯ ತೀರಾ ಅಪರೂಪ. ಆದರೆ ತಪ್ಪು ದಾರಿಯಲ್ಲಿ ಹೋದರೆ ವರ್ಷಗಟ್ಟಲೆ ಕಾಡುತ್ತದೆ. ಇವನ ವಿಷಯದಲ್ಲಿ ಆದದ್ದೂ ಅದೇ.

ಹಿಂದಿನ ಹತ್ತು ತಿಂಗಳು

ಮೊದಲು ನೋವು ಬಂದಾಗ ಮನೆಯಲ್ಲಿ ಉಗುರುಸುತ್ತು ಎಂದುಕೊಂಡರು. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿದರು. ಅದಕ್ಕೂ ಬಗ್ಗದಾಗ ಅರಿಶಿನಕ್ಕೆ ಸುಣ್ಣ ಕಲಸಿ ಹಚ್ಚಿದರು. ಸುಣ್ಣ ಚರ್ಮವನ್ನು ಸುಡುತ್ತದೆ, ಮೊದಲೇ ಹಣ್ಣಾದ ಮಾಂಸಕ್ಕೆ ಅದು ಇನ್ನೊಂದು ಗಾಯ. ಹೆಸರಿನ ಗೊಂದಲವೂ ಇಲ್ಲಿ ಹಾನಿ ಮಾಡಿತು. ಉಗುರುಸುತ್ತು ಎಂದರೆ ಉಗುರಿನ ಬುಡದ ಅಥವಾ ಪಕ್ಕದ ಚರ್ಮದಲ್ಲಿ ಸೋಂಕು ತಗುಲಿ ಕೀವು ಕಟ್ಟುವುದು. ಅಲ್ಲಿ ಉಗುರಿನ ತಪ್ಪೇನಿಲ್ಲ, ಕೀವು ಹೋದರೆ ಮುಗಿಯಿತು. ಉಗುರು ಒಳಬೆಳೆದಾಗ ಮೊದಲು ಚುಚ್ಚುವುದು ಉಗುರಿನ ಅಂಚು, ಸೋಂಕು ಆಮೇಲೆ ಬರುತ್ತದೆ. ಬೆರಳ ತುದಿಯ ಬದಿಯಲ್ಲಿ, ಉಗುರಿನ ಮೂಲೆ ಮಾಂಸದಲ್ಲಿ ಮುಳುಗಿದ ಜಾಗದಲ್ಲೇ ನೋವು ಬಿಂದುವಿನಂತೆ ನಿಂತಿದ್ದರೆ ಅದು ಎರಡನೆಯದು.

ಆಮೇಲೆ ಬೇರೆಲ್ಲೋ ತೋರಿಸಿದಾಗ ಉಗುರನ್ನು ಪೂರ್ತಿ ಕಿತ್ತು ಹಾಕಿದರು. "ಒಮ್ಮೆ ತೆಗಿಸೀನ್ರಿ, ಮತ್ತ ಬಂತ್ರಿ" ಎಂದು ಹುಡುಗ ಹೇಳಿದ್ದು ಇದನ್ನೇ. ಕಿತ್ತ ಉಗುರು ಮತ್ತೆ ಬರಲೇಬೇಕು, ಏಕೆಂದರೆ ಅದನ್ನು ಬೆಳೆಸುವ ಬುಡದ ಅಂಗಾಂಶ ಚರ್ಮದ ಮಡಿಕೆಯ ಕೆಳಗೆ ಹಾಗೇ ಉಳಿದಿರುತ್ತದೆ. ಕಾಲಿನ ಹೆಬ್ಬೆರಳಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿ ಮುಟ್ಟಲು 12ರಿಂದ 18 ತಿಂಗಳು ಬೇಕು. ಅಷ್ಟು ದಿನ ಮೇಲೆ ಉಗುರಿನ ಒತ್ತು ಇಲ್ಲದ್ದರಿಂದ ಬೆರಳ ತುದಿಯ ಮಾಂಸ ಮೇಲಕ್ಕೆ ಉಬ್ಬಿ ಒಂದು ಬದುವಿನಂತೆ ನಿಲ್ಲುತ್ತದೆ. ಹೊಸ ಉಗುರು ಬಂದು ಆ ಬದುವಿಗೆ ಗುದ್ದುತ್ತದೆ. ಉಗುರು ಪೂರ್ತಿ ಕೀಳುವುದನ್ನು ಈ ಕಾಯಿಲೆಗೆ ಮದ್ದೆಂದು ಇನ್ನೂ ಮಾಡುತ್ತಿರುವುದು ಖೇದದ ಸಂಗತಿ. ನೋವು ತಾತ್ಕಾಲಿಕವಾಗಿ ಹೋಗುತ್ತದೆ, ಮುಂದಿನ ಸಲದ ನೋವಿಗೆ ಜಾಗ ಹದವಾಗುತ್ತದೆ.

ಹೊಸ ಉಗುರು ಪೂರ್ತಿ ಬೆಳೆಯುವ ಮೊದಲೇ ಚುಚ್ಚತೊಡಗಿದಾಗ ಹುಡುಗ ತಾನೇ ಬ್ಲೇಡು ಹಿಡಿದ. ನೋಯುವ ಮೂಲೆಯನ್ನು ಓರೆಯಾಗಿ, ಎಷ್ಟು ಆಳ ಹೋಗುತ್ತದೋ ಅಷ್ಟು ಕತ್ತರಿಸಿದ. ಎರಡು ದಿನ ಹಾಯೆನಿಸಿತು, ಮೂರನೇ ವಾರಕ್ಕೆ ಮೊದಲಿಗಿಂತ ಜೋರಾಗಿ ನೋವು ಬಂತು. ಈ ಎರಡು ದಿನದ ಸುಖವೇ ಮೋಸದ್ದು. ಓರೆಯಾಗಿ ಕತ್ತರಿಸುವಾಗ ಬ್ಲೇಡು ಉಗುರಿನ ಬದಿಯ ಅಂಚನ್ನು ಪೂರ್ತಿ ಮುಟ್ಟುವುದಿಲ್ಲ, ಏಕೆಂದರೆ ಆ ಅಂಚು ಮಾಂಸದ ಮಡಿಕೆಯೊಳಗೆ ಅಡಗಿರುತ್ತದೆ. ಕತ್ತರಿಸಿದ ಕೊನೆಯಲ್ಲಿ ಗಾಳದ ಕೊಕ್ಕೆಯಂಥ ಚೂಪು ಎಳೆಯೊಂದು ಉಳಿಯುತ್ತದೆ. ಉಗುರು ಮುಂದಕ್ಕೆ ಬೆಳೆದಂತೆ ಆ ಕೊಕ್ಕೆಯೂ ಮುಂದೆ ಸರಿದು ಮಾಂಸಕ್ಕೆ ಇಳಿಯುತ್ತದೆ. ಮತ್ತೆ ನೋವು, ಮತ್ತೆ ಬ್ಲೇಡು, ಇನ್ನಷ್ಟು ಆಳದಲ್ಲಿ ಇನ್ನೊಂದು ಕೊಕ್ಕೆ.

ನಡುವೆ ಎರಡು ಸಲ ಐದೈದು ದಿನದ ಆ್ಯಂಟಿಬಯಾಟಿಕ್ ಆಗಿತ್ತು. ಕೀವು ಕಡಿಮೆಯಾಗಿ, ಮಾತ್ರೆ ಮುಗಿದ ವಾರಕ್ಕೆ ತಿರುಗಿ ಬಂದಿತ್ತು. ಜಾಲಿಮುಳ್ಳು ಮುರಿದು ಒಳಗೆ ಉಳಿದಾಗ ಎರೆಹೊಲದ ಜನ ಮಾತ್ರೆ ನುಂಗಿ ಕೂಡುವುದಿಲ್ಲ, ಪಿನ್ನು ತಂದು ಮುಳ್ಳು ತೆಗೆಯುತ್ತಾರೆ. ಉಗುರಿನ ಕೊಕ್ಕೆಗೂ ಅದೇ ನ್ಯಾಯ. ಅದು ಒಳಗಿರುವ ತನಕ ಮಾತ್ರೆಯ ಗುಣ ಉಳಿಯುವುದಿಲ್ಲ.

ಕಂಡದ್ದು

ಬಲ ಹೆಬ್ಬೆರಳಿನ ಹೊರಬದಿ, ಅಂದರೆ ಎರಡನೇ ಬೆರಳಿಗೆ ತಾಗುವ ಕಡೆ, ಊದಿ ಕೆಂಪಾಗಿತ್ತು. ಬದಿಯ ಮಾಂಸ ದಪ್ಪಗೆ ಬೆಳೆದು ಉಗುರಿನ ಮೇಲೆ ಕವುಚಿತ್ತು. ಅಂಚಿನಲ್ಲಿ ತೊಗರಿಕಾಳಿನ ಗಾತ್ರದ ಕೆಂಪು ಮಾಂಸದ ಗುಳ್ಳೆ, ಮುಟ್ಟಿದರೆ ರಕ್ತ. ಈ ಕಾಯಿಲೆಯನ್ನು ಮೂರು ಹಂತಗಳಲ್ಲಿ ನೋಡುವ ರೂಢಿಯಿದೆ: ಕೆಂಪು, ಬಾವು ಮತ್ತು ಒತ್ತಿದರೆ ನೋವು ಮಾತ್ರ ಇದ್ದರೆ ಮೊದಲನೆಯದು, ಕೀವು ಸೋರತೊಡಗಿದರೆ ಎರಡನೆಯದು, ಈ ಕೆಂಪು ಗುಳ್ಳೆಯಂಥ ಹುಸಿಮಾಂಸ ಬೆಳೆದು ಬದಿಯ ಮಡಿಕೆ ಗಟ್ಟಿಯಾಗಿ ದಪ್ಪವಾದರೆ ಮೂರನೆಯದು. ಬಲ ಬೆರಳು ಮೂರನೇ ಹಂತದಲ್ಲಿತ್ತು. ಎಡ ಹೆಬ್ಬೆರಳನ್ನು ಹುಡುಗ ತೋರಿಸಿರಲೇ ಇಲ್ಲ; ಸಾಕ್ಸ್ ಬಿಚ್ಚಿಸಿದಾಗ ಅದು ಮೊದಲ ಹಂತದಲ್ಲಿರುವುದು ತಿಳಿಯಿತು. ಎರಡೂ ಪಾದ ನೋಡದೆ ಇಂಥ ತಪಾಸಣೆ ಮುಗಿಸಬಾರದು.

ಪಾದದ ಮೇಲಿನ ನಾಡಿ ಚೆನ್ನಾಗಿ ಸಿಗುತ್ತಿತ್ತು. ಬೆರಳ ತುದಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತಿತ್ತು. ರಕ್ತದ ಸಕ್ಕರೆ ಸರಿಯಾಗಿತ್ತು. ಹತ್ತು ತಿಂಗಳ ಸೋಂಕಾದ್ದರಿಂದ ಎಲುಬಿಗೆ ಇಳಿದಿರಬಹುದೇ, ಉಗುರಿನ ಕೆಳಗೆ ಎಲುಬಿನ ಗಂಟೇನಾದರೂ ಎದ್ದು ಉಗುರನ್ನು ದೂಡುತ್ತಿದೆಯೇ ಎಂದು ಎಕ್ಸ್-ರೇ ತೆಗೆಸಲಾಯಿತು, ಎರಡೂ ಇರಲಿಲ್ಲ. ಜ್ವರ, ಪಾದದ ಮೇಲೆ ಏರುವ ಕೆಂಪು ಗೆರೆ, ತೊಡೆಸಂದಿನಲ್ಲಿ ಗಡ್ಡೆ ಯಾವುದೂ ಇಲ್ಲದ್ದರಿಂದ ಮತ್ತೊಂದು ಸುತ್ತು ಆ್ಯಂಟಿಬಯಾಟಿಕ್ ಬರೆಯಲಿಲ್ಲ. ಧನುರ್ವಾಯು ಲಸಿಕೆ 16ನೇ ವಯಸ್ಸಿನಲ್ಲಿ ಆಗಿತ್ತು, ಈಗ ಬೇಕಿರಲಿಲ್ಲ.

ಬೂಟನ್ನೂ ತಪಾಸಣೆ ಮಾಡಬೇಕು, ಇದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಒಳಗಿನ ತೆಳು ಅಟ್ಟೆಯನ್ನು ಹೊರಗೆಳೆದು ನೆಲದ ಮೇಲಿಟ್ಟು ಹುಡುಗನನ್ನು ಅದರ ಮೇಲೆ ನಿಲ್ಲಿಸಲಾಯಿತು. ಹೆಬ್ಬೆರಳ ಮುಂದೆ ಉಳಿದ ಜಾಗ ಬರೀ 3 ಮಿಲಿಮೀಟರ್. ಓಡುವಾಗ ಪಾದ ಮುಂದಕ್ಕೆ ಜಾರುತ್ತದೆ, ಪ್ರತಿ ಹೆಜ್ಜೆಗೂ ಉಗುರು ಬೂಟಿನ ಮೂತಿಗೆ ಬಡಿಯುತ್ತದೆ. ಬಿಗಿಯಾಗಿದ್ದರೆ ಓಟ ಚುರುಕಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಒಂದು ನಂಬರು ಚಿಕ್ಕದು ತಗೊಂಡಿದ್ದ. ಅದರ ಮೇಲೆ ಬೆಳಗಾವಿ ಸೀಮೆಯ ಜುಲೈ ಮಳೆ. ನಿನ್ನೆ ನೆನೆದ ಬೂಟನ್ನೇ ಇವತ್ತು ಹಸಿಯಾಗಿ ಹಾಕಿದರೆ ಬದಿಯ ಚರ್ಮ ನೆನೆದು ಮೆತ್ತಗಾಗಿ ಉಗುರಿಗೆ ಸುಲಭವಾಗಿ ದಾರಿ ಬಿಡುತ್ತದೆ. ಹದಿಹರೆಯದವರ ಪಾದ ಬೆವರುವುದೂ ಹೆಚ್ಚು, ಈ ಕಾಯಿಲೆ ಆ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಅದೂ ಒಂದು ಕಾರಣ.

ಯಾವ ದಾರಿ ಹಿಡಿಯಬೇಕು

ಮುಂದೆ ಎರಡು ದಾರಿಗಳಿದ್ದವು. ಒಂದು, ಕತ್ತರಿಸದೆ ಮಾಡುವುದು: ಡ್ರಿಪ್ ಸೆಟ್ಟಿನ ಕ್ರಿಮಿಶುದ್ಧ ಪ್ಲಾಸ್ಟಿಕ್ ನಳಿಗೆಯ ಸಣ್ಣ ತುಂಡನ್ನು ಉದ್ದಕ್ಕೆ ಸೀಳಿ, ಮರಗಟ್ಟಿಸಿದ ಬೆರಳಿನಲ್ಲಿ ಉಗುರಿನ ಅಂಚಿಗೆ ಒರೆಯಂತೆ ತೊಡಿಸಿ, ಅಂಚು ಮಾಂಸಕ್ಕೆ ತಾಗದಂತೆ ಕಾಯುವುದು. ಒಳ್ಳೆಯ ವಿಧಾನ, ಉಗುರಿನ ಅಗಲ ಕಡಿಮೆಯಾಗುವುದಿಲ್ಲ. ಆದರೆ ಮೂಲೆ ಬೆಳೆದು ಮಡಿಕೆ ದಾಟುವ ತನಕ, ಅಂದರೆ ಆರು ವಾರದಿಂದ ಮೂರು ತಿಂಗಳು, ನಳಿಗೆ ಅಲ್ಲೇ ಇರಬೇಕು. ಓಡಿದರೆ ಕಳಚುತ್ತದೆ. ಇಷ್ಟು ಆಳಕ್ಕೆ ಕೊರೆದ ಮೂಲೆಗೆ ಅದು ನಿಲ್ಲುವುದೂ ಕಷ್ಟ.

ಇನ್ನೊಂದು, ಉಗುರಿನ ಚುಚ್ಚುವ ಬದಿಯ ಪಟ್ಟಿಯನ್ನಷ್ಟೇ ತೆಗೆದು, ಆ ಪಟ್ಟಿಯನ್ನು ಬೆಳೆಸುವ ಬುಡವನ್ನು ಚರ್ಮ ಸುಡುವ ರಾಸಾಯನಿಕವಾದ ಫಿನಾಲ್‌ನಿಂದ ಸುಟ್ಟುಬಿಡುವುದು. ಮತ್ತೆ ಬರುವ ಸಾಧ್ಯತೆ ಇದರಲ್ಲಿ ತೀರಾ ಕಡಿಮೆ. ಉಗುರು ಕೊನೆಯತನಕ ಮೂರ್ನಾಲ್ಕು ಮಿಲಿಮೀಟರ್ ಕಿರಿದಾಗೇ ಇರುತ್ತದೆ, ಗಾಯದಿಂದ ಎರಡರಿಂದ ನಾಲ್ಕು ವಾರ ನೀರು ಜಿನುಗುತ್ತದೆ. ಮೂರನೇ ಹಂತ, ಒಮ್ಮೆ ಮರುಕಳಿಸಿದೆ, ಕೈಯಲ್ಲಿ ಐದು ವಾರ. ಹುಡುಗ ಮತ್ತು ಅವನ ಅಪ್ಪನ ಜೊತೆ ಮಾತಾಡಿ ಇದನ್ನೇ ಆರಿಸಲಾಯಿತು. ಐದು ವಾರಕ್ಕೆ ಓಡಿಯೇ ಓಡುತ್ತಾನೆ ಎಂಬ ಮಾತು ಕೊಡಲಿಲ್ಲ. ಕೊಡಲೂಬಾರದು.

ಚಿಕಿತ್ಸೆಯ ದಿನ

ತೂಕ 58 ಕಿಲೋ. ಬೆರಳು ಮರಗಟ್ಟಿಸುವ ಔಷಧ, ಅಡ್ರಿನಲಿನ್ ಬೆರೆಸದ 2 ಶೇಕಡಾ ಲಿಗ್ನೊಕೇನ್‌ನ ಮಿತಿ ಕಿಲೋಗೆ 3 ಮಿಲಿಗ್ರಾಂ ಎಂದು ಹಿಡಿದರೆ 174 ಮಿಲಿಗ್ರಾಂ, ಅಂದರೆ ಎಂಟೂವರೆ ಮಿಲಿಲೀಟರ್ ಚಿಲ್ಲರೆ. ಬೇಕಾದದ್ದು 4 ಮಿಲಿಲೀಟರ್. ಬೆರಳಿನ ಬುಡದಲ್ಲಿ ಎರಡೂ ಬದಿಗೆ ತಲಾ 2 ಮಿಲಿಲೀಟರ್, ತೆಳುವಾದ 26 ಗೇಜ್ ಸೂಜಿಯಿಂದ ಮೇಲಿಂದ ಕೆಳಕ್ಕೆ ಸಾವಕಾಶವಾಗಿ. ಬಾತಿರುವ ತುದಿಗೇ ಸೂಜಿ ಚುಚ್ಚಬಾರದು. ಸೋಂಕಿರುವ ಮಾಂಸದಲ್ಲಿ ಔಷಧ ಸರಿಯಾಗಿ ಹತ್ತುವುದಿಲ್ಲ, ನೋವೂ ವಿಪರೀತ. ಆಮೇಲೆ ಪೂರಾ 10 ನಿಮಿಷ ಕಾಯಬೇಕು. ಚಿಮಟಿಗೆಯಿಂದ ಹಿಂಡಿದಾಗ ಮುಖ ಕಿವುಚಿದರೆ ಇನ್ನೂ ಐದು ನಿಮಿಷ. ಇಲ್ಲಿ ಗಡಿಬಿಡಿ ಮಾಡಿದ್ದರಿಂದಲೇ ಎಷ್ಟೋ ರೋಗಿಗಳು ಎರಡನೇ ಸಲ ಆಸ್ಪತ್ರೆಯ ಕಡೆ ಮುಖ ಹಾಕಿಲ್ಲ.

ಬೆರಳಿನ ಬುಡಕ್ಕೆ ಕೈಗವಸಿನ ಬೆರಳನ್ನು ಕತ್ತರಿಸಿ ಉಂಗುರದಂತೆ ಸುರುಳಿ ಸುತ್ತಿ ರಕ್ತ ತಡೆಯಲಾಯಿತು. ಅದಕ್ಕೊಂದು ಆರ್ಟರಿ ಫೋರ್ಸೆಪ್ಸ್ (ಕಚ್ಚಿ ಹಿಡಿಯುವ ಇಕ್ಕಳ) ಕಚ್ಚಿಸಿಯೇ ಇಡಬೇಕು. ತೆಳು ರಬ್ಬರಿನ ಉಂಗುರ ರಕ್ತದಲ್ಲಿ ನೆನೆದು ಚರ್ಮದ ಬಣ್ಣಕ್ಕೆ ತಿರುಗುತ್ತದೆ, ಕಟ್ಟು ಕಟ್ಟುವಾಗ ಒಳಗೇ ಮರೆತು ಹೋದರೆ ಬೆರಳೇ ಹೋಗಬಹುದು. ಭಾರವಾದ ಫೋರ್ಸೆಪ್ಸ್ ತೂಗಾಡುತ್ತಿದ್ದರೆ ಮರೆಯಲು ಬರುವುದಿಲ್ಲ. ಕಟ್ಟಿದ ಸಮಯವನ್ನೂ ಬರೆದಿಡಲಾಯಿತು.

ಉಗುರಿನ ಹೊರಬದಿಯಿಂದ ಸುಮಾರು 3 ಮಿಲಿಮೀಟರ್ ಒಳಗೆ, ತುದಿಯಿಂದ ಬುಡದ ಚರ್ಮದ ಕೆಳಗಿನವರೆಗೂ ನೇರ ಗೆರೆಯಲ್ಲಿ ಕತ್ತರಿಸಿ, ಆ ಪಟ್ಟಿಯನ್ನು ನೇರ ಫೋರ್ಸೆಪ್ಸ್‌ನಲ್ಲಿ ಉದ್ದಕ್ಕೂ ಹಿಡಿದು, ಬದಿಯ ಕಡೆಗೆ ತಿರುಚುತ್ತ ಮುಂದಕ್ಕೆ ಎಳೆದಾಗ ಇಡಿಯಾಗಿ ಬಂತು. ಬುಡದ ಕಡೆಯ ತುದಿ ಮೆತ್ತಗೆ, ಬೆಳ್ಳಗೆ ಇದ್ದರೆ ಪೂರ್ತಿ ಬಂದಿದೆ ಎಂದರ್ಥ. ಹರಿದಂತಿದ್ದರೆ ಒಳಗೆ ಚೂರು ಉಳಿದಿದೆ. ಪಟ್ಟಿಯ ಬದಿಗೆ 5 ಮಿಲಿಮೀಟರ್ ಉದ್ದದ ಕೊಕ್ಕೆ ಅಂಟಿಕೊಂಡೇ ಹೊರಬಿತ್ತು. ಅದನ್ನು ಗಾಜ್ ಬಟ್ಟೆಯ ಮೇಲಿಟ್ಟು ಹುಡುಗನಿಗೆ ತೋರಿಸಲಾಯಿತು. ಹತ್ತು ತಿಂಗಳು ತನ್ನನ್ನು ಕಾಡಿದ್ದು ಕಣ್ಣಿಗೆ ಬಿದ್ದ ಮೇಲೆ ಉಗುರು ಕತ್ತರಿಸುವ ಬಗ್ಗೆ ಹೇಳಿದ ಮಾತು ಅವನ ಕಿವಿಗೆ ಹೋಯಿತು.

ಫಿನಾಲ್ ಹಚ್ಚುವ ಮೊದಲು ಜಾಗ ರಕ್ತವಿಲ್ಲದೆ ಒಣಗಿರಬೇಕು. ರಕ್ತ ಬೆರೆತರೆ ಅದು ತೆಳುವಾಗಿ ಬುಡ ಅರೆಬರೆ ಸುಡುತ್ತದೆ, ಆರೇಳು ತಿಂಗಳ ಮೇಲೆ ಬದಿಯಲ್ಲಿ ಮುಳ್ಳಿನಂಥ ಉಗುರಿನೆಳೆ ಮತ್ತೆ ಏಳುತ್ತದೆ. ಸುತ್ತಲಿನ ಚರ್ಮಕ್ಕೆ ವ್ಯಾಸಲಿನ್ ಸವರಿ, 88 ಶೇಕಡಾ ಫಿನಾಲ್‌ನಲ್ಲಿ ಅದ್ದಿ ಹಿಂಡಿದ ತೆಳು ಹತ್ತಿಕಡ್ಡಿಯನ್ನು ಬುಡದ ಮೂಲೆಯೊಳಗೆ ತೂರಿಸಿ ತಿರುಗಿಸುತ್ತ ಒಂದು ನಿಮಿಷ ತಿಕ್ಕಲಾಯಿತು. ಹೀಗೆ ಮೂರು ಸಲ, ಪ್ರತಿ ಸಲ ಹೊಸ ಕಡ್ಡಿ. ಕಡ್ಡಿಯಿಂದ ಹನಿ ತೊಟ್ಟಿಕ್ಕಬಾರದು. ಕೊನೆಗೆ ಸ್ಪಿರಿಟ್‌ನಿಂದ ತೊಳೆದು ಉಳಿದ ಫಿನಾಲ್ ತೆಗೆಯಲಾಯಿತು. ಫಿನಾಲ್ ಬಾಟಲಿ ಕಂದು ಗಾಜಿನದಾಗಿರಬೇಕು. ಬೆಳಕು, ಗಾಳಿಗೆ ಅದು ಕೆಂಪಾಗುತ್ತದೆ, ಹಳೆಯದಾಗಿ ಬಣ್ಣ ತಿರುಗಿದ್ದನ್ನು ಬಳಸಬಾರದು.

ರಬ್ಬರು ಉಂಗುರ ತೆಗೆದು, ಬೆರಳು ಮತ್ತೆ ಕೆಂಪೇರುವುದನ್ನು ನೋಡಿ, ವ್ಯಾಸಲಿನ್ ಗಾಜ್ ಇಟ್ಟು ದಪ್ಪನೆಯ ಕಟ್ಟು ಹಾಕಲಾಯಿತು. ಹುಸಿಮಾಂಸದ ಗುಳ್ಳೆಯನ್ನು ಮೇಲಿಂದ ಸವರಿ ತೆಗೆದದ್ದಷ್ಟೇ. ಒಳಗಿನ ಮುಳ್ಳು ಹೋದ ಮೇಲೆ ಉಳಿದದ್ದು ತಾನಾಗೇ ಕುಗ್ಗುತ್ತದೆ.

ಆಮೇಲಿನ ದಿನಗಳು

ಮೊದಲ ದಿನ ಕಾಲು ದಿಂಬಿನ ಮೇಲೆ. ನೋವಿಗೆ ಪ್ಯಾರಾಸಿಟಮಾಲ್ ಸಾಕಾಯಿತು. ಎರಡನೇ ದಿನ ಕಟ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿದರು, ಒಣಗಿದ್ದನ್ನು ಜಗ್ಗಲಿಲ್ಲ. ಅಂದಿನಿಂದ ದಿನಕ್ಕೆರಡು ಸಲ, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಉಪ್ಪು, 10 ನಿಮಿಷ ಕಾಲಿಡುವುದು, ಒರೆಸಿ ಹೊಸ ಗಾಜ್ ಕಟ್ಟುವುದು ಎಂದು ಬರೆದುಕೊಡಲಾಗಿತ್ತು.

ಆರನೇ ದಿನ ಹುಡುಗ ನೋವು ಹೆಚ್ಚಾಗಿದೆ ಎಂದು ಬಂದ. ಮನೆಯಲ್ಲಿ ಹಿರಿಯರು "ಹಸಿ ಗಾಯಕ್ಕ ನೀರ ಹಚ್ಚಬ್ಯಾಡೋ ತಮ್ಮಾ, ಕೀವ ಆಕ್ಕೈತಿ" ಎಂದು ಮೂರು ದಿನದಿಂದ ನೀರು ನಿಲ್ಲಿಸಿದ್ದರು. ಕಾಳಜಿಯ ಮಾತೇ ಅದು, ಆದರೆ ಫಿನಾಲ್ ಗಾಯ ಸುಟ್ಟ ಗಾಯವಿದ್ದಂತೆ. ಜಿನುಗುವ ನೀರು ಹೊರಹೋಗಲು ಬಾಯಿ ತೆರೆದಿರಬೇಕು. ಮೇಲೆ ಹಕ್ಕಳೆ ಗಟ್ಟಿಯಾಗಿ ಮುಚ್ಚಿ ಒಳಗೆ ಒತ್ತಡ ಕಟ್ಟಿತ್ತು. 20 ನಿಮಿಷ ನೆನೆಸಿ ಹಕ್ಕಳೆ ಎತ್ತಿದಾಗ ತಿಳಿಹಳದಿ ನೀರು ಬಂತು, ನೋವು ಅಲ್ಲೇ ಇಳಿಯಿತು. ಆ ತಿಳಿಹಳದಿ ಜಿನುಗನ್ನು ಕೀವೆಂದು ತಿಳಿದು ಮತ್ತೆ ಆ್ಯಂಟಿಬಯಾಟಿಕ್ ಕೊಡುವುದು ಸಾಮಾನ್ಯ ತಪ್ಪು. ದುರ್ವಾಸನೆ, ಪಾದದ ಕಡೆ ಹರಡುವ ಕೆಂಪು, ದಿನದಿನಕ್ಕೆ ಏರುವ ನೋವು, ಜ್ವರ ಇದ್ದರೆ ಮಾತ್ರ ಸೋಂಕಿನ ಲೆಕ್ಕ. ನೀರು ಬೇಡವೆಂದವರಿಗೆ ಏಕೆ ಬೇಕೆಂಬುದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕಿತ್ತು. ರೋಗಿಗೊಬ್ಬನಿಗೇ ಹೇಳಿದರೆ ಸಾಲದು, ಮನೆಯಲ್ಲಿ ಗಾಯ ನೋಡಿಕೊಳ್ಳುವವರ ಮುಂದೆ ಹೇಳಬೇಕು.

ಚಪ್ಪಲಿಯ ವಿಷಯದಲ್ಲೂ ಒಂದು ಮಾತು. ಮುಂಭಾಗ ತೆರೆದದ್ದು ಹಾಕು ಎಂದಾಗ ಮನೆಯಲ್ಲಿದ್ದ ಅಥಣಿಯ ಚರ್ಮದ ಚಪ್ಪಲಿ ಹಾಕಿ ಬಂದಿದ್ದ. ಒಳ್ಳೆಯ ಚಪ್ಪಲಿ, ಬೆರಳಿಗೆ ಗಾಳಿಯಾಡುತ್ತದೆ. ಆದರೆ ಅದರ ಉಂಗುಷ್ಠ, ಅಂದರೆ ಬೆರಳು ತೂರಿಸುವ ಚರ್ಮದ ಉಂಗುರ, ಹೆಬ್ಬೆರಳನ್ನೇ ಹಿಡಿದು ನಿಲ್ಲುತ್ತದೆ, ಕಟ್ಟನ್ನು ಸರಿಸುತ್ತದೆ, ಗಾಯದ ಬುಡಕ್ಕೆ ಉಜ್ಜುತ್ತದೆ. ಪಾದದ ಮೇಲೆ ಅಡ್ಡಪಟ್ಟಿ ಬರುವ ಸ್ಯಾಂಡಲ್‌ಗೆ ಬದಲಾಯಿಸಿದ ಮೇಲೆ ಕಟ್ಟು ನಿಂತಿತು.

18ನೇ ದಿನಕ್ಕೆ ಜಿನುಗು ನಿಂತಿತು. 24ನೇ ದಿನ ಹೊಸ ಬೂಟಿನಲ್ಲಿ ನಿಧಾನ ಓಟ, ಒಂದು ಕಿಲೋಮೀಟರ್. ಈ ಸಲ ಬೂಟನ್ನು ಸಂಜೆ, ಪಾದ ತುಸು ಉಬ್ಬಿರುವ ಹೊತ್ತಿಗೆ, ಓಡುವ ಸಾಕ್ಸ್ ಹಾಕಿಕೊಂಡೇ ಆರಿಸಿದ್ದ. ನಿಂತಾಗ ಮುಂದೆ ಒಂದು ಸೆಂಟಿಮೀಟರ್ ಜಾಗ, ಹಿಮ್ಮಡಿ ಮಾತ್ರ ಬಿಗಿ, ಪಾದ ಮುಂದೆ ಜಾರದಂತೆ ಮೇಲಿನ ಲೇಸು ಗಟ್ಟಿ. ಮಳೆಯಲ್ಲಿ ನೆನೆದ ದಿನ ಒಳಗೆ ಹಳೆಯ ಪೇಪರು ತುರುಕಿ ಇಟ್ಟು, ಎರಡು ತಾಸಿಗೊಮ್ಮೆ ಪೇಪರು ಬದಲಿಸುತ್ತಿದ್ದ. ಭರ್ತಿಯ ಓಟದ ದಿನ ಬೆರಳಿನ ಕಾರಣಕ್ಕೆ ನಿಲ್ಲಬೇಕಾಗಲಿಲ್ಲ.

ಮನೆಯಲ್ಲಿ ಅಜ್ಜಿಗೆ ಸಕ್ಕರೆ ಕಾಯಿಲೆ ಇರುವುದು ಮಾತಿನ ನಡುವೆ ತಿಳಿಯಿತು. ಅವರೂ ಅದೇ ಬ್ಲೇಡಿನಿಂದ ಉಗುರು ತೆಗೆಯುತ್ತಿದ್ದರು. ಅಂಥವರಿಗೆ ಮೇಲೆ ಬರೆದ ಯಾವುದೂ ಮನೆಮದ್ದಲ್ಲ. ಸ್ಪರ್ಶ ಕಡಿಮೆಯಾದ ಪಾದ ಬಿಸಿನೀರಲ್ಲಿ ಬೆಂದರೂ ತಿಳಿಯುವುದಿಲ್ಲ, ರಕ್ತ ಸರಿಯಾಗಿ ಹರಿಯದ ಬೆರಳಿನಲ್ಲಿ ಫಿನಾಲ್ ಗಾಯ ಮಾಯುವುದಿಲ್ಲ. ಉಗುರು ಚುಚ್ಚಿದ ಮೊದಲ ದಿನವೇ ಅವರು ವೈದ್ಯರಿಗೆ ಕಾಲು ತೋರಿಸಬೇಕು. ಒಬ್ಬೊಬ್ಬರಿಗೆ ಬೇರೆ ಬೇರೆ ಬ್ಲೇಡು ಎಂದಲ್ಲ, ಬ್ಲೇಡು ಯಾರಿಗೂ ಬೇಡ.

ಎಡ ಬೆರಳು

ಮೊದಲ ಹಂತದಲ್ಲಿದ್ದ ಎಡ ಹೆಬ್ಬೆರಳಿಗೆ ಕತ್ತರಿ ಮುಟ್ಟಿಸಲಿಲ್ಲ. ದಿನಾ 15 ನಿಮಿಷ ನೀರಲ್ಲಿಟ್ಟು ಉಗುರು ಮೆತ್ತಗಾದ ಮೇಲೆ, ಶುದ್ಧ ಹತ್ತಿಯ ಎಳೆಯನ್ನು ಅಕ್ಕಿಕಾಳಿನ ಗಾತ್ರಕ್ಕೆ ಹೊಸೆದು ಉಗುರಿನ ಮೂಲೆಯ ಕೆಳಗೆ ತೂರಿಸುವುದನ್ನು ಹುಡುಗನಿಗೆ ಕಲಿಸಲಾಯಿತು. ನೆನೆದ ಹತ್ತಿ ಕೊಳೆಯುತ್ತದೆ, ಹಾಗಾಗಿ ದಿನಾ ಬದಲಿಸಬೇಕು. ಅದರ ಜೊತೆಗೆ ಒಂದು ಸೆಂಟಿಮೀಟರ್ ಅಗಲದ ಅಂಟುಪಟ್ಟಿ: ಒಂದು ತುದಿಯನ್ನು ಉಗುರಿನ ಪಕ್ಕದ ಮಾಂಸಕ್ಕೆ ಅಂಟಿಸಿ, ಮಾಂಸವನ್ನು ಉಗುರಿನಿಂದ ದೂರ ಎಳೆದು ಹಿಡಿದು, ಪಟ್ಟಿಯನ್ನು ಬೆರಳಿನ ಕೆಳಗಿನಿಂದ ಓರೆಯಾಗಿ ಹಿಂದಕ್ಕೆ ಸುತ್ತಿ ಮೇಲೆ ಅಂಟಿಸುವುದು. ಬೆರಳು ಬಿಗಿದು ನೀಲಿಯಾಗುವಂತೆ ಪೂರ್ತಿ ಬಳೆ ಹಾಕಬಾರದು. ಮೊದಲ ವಾರ ಬೆವರಿಗೆ ಪಟ್ಟಿ ಕಿತ್ತು ಬರುತ್ತಿತ್ತು. ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ ಅಂಟಿಸಿದ ಮೇಲೆ ನಿಂತಿತು. ಉಗುರಿನ ನಡುವೆ ಕಚ್ಚು ಹಾಕಿದರೆ ಬದಿಗಳು ನಡುವಿನ ಕಡೆಗೆ ಸರಿಯುತ್ತವೆ ಎಂದು ಗೆಳೆಯರು ಹೇಳಿದ್ದನ್ನೂ ಕೇಳಿದ್ದ. ಉಗುರು ಬೆಳೆಯುವುದು ಬುಡದಿಂದ, ತುದಿಯಲ್ಲಿ ಹಾಕಿದ ಕಚ್ಚು ಬುಡಕ್ಕೆ ಗೊತ್ತೇ ಆಗುವುದಿಲ್ಲ.

ಆರನೇ ವಾರ ಎಡ ಉಗುರಿನ ಮೂಲೆ ಮಾಂಸದ ಅಂಚು ದಾಟಿ ಹೊರಗೆ ಕಾಣಿಸಿತು. ಹತ್ತಿ, ಪಟ್ಟಿ ಎರಡನ್ನೂ ನಿಲ್ಲಿಸಲಾಯಿತು. ಮೂಲೆ ಸಾಕ್ಸ್‌ಗೆ ಸಿಕ್ಕುತ್ತದೆ, ಕತ್ತರಿಸಲೇ ಎಂದು ಹುಡುಗ ಕೇಳಿದ. ಬೇಡ, ಅರದಿಂದ ಎರಡು ಸಲ ತೀಡಿ ಚೂಪು ಮಾತ್ರ ಮುರಿ ಎಂದು ಹೇಳಿ, ಅಲ್ಲೇ ನೇರ ಬಾಯಿಯ ನೇಲ್ ಕಟರ್ ಕೈಗೆ ಕೊಟ್ಟು, ಬೆರಳ ತುದಿಯ ಮಟ್ಟಕ್ಕೆ ಒಂದು ಮಿಲಿಮೀಟರ್ ಬಿಳಿ ಉಳಿಯುವಂತೆ, ಸಣ್ಣ ಸಣ್ಣ ಕಚ್ಚುಗಳಲ್ಲಿ ಅಡ್ಡಕ್ಕೆ ನೇರವಾಗಿ ಬಲ ಉಗುರನ್ನು ಅವನಿಂದಲೇ ಕತ್ತರಿಸಿಸಲಾಯಿತು. ಎರಡು ಮೂಲೆಗಳೂ ಹೊರಗೆ ಕಾಣುತ್ತಿದ್ದವು.